ಅರ್ಜಿ ಕೊಟ್ಟು ಸರದಿ ಕಾದರೆ ಸಾಕೇ?

ಪ್ರಶ್ನೆ: ಬೆಳಗಾವಿಯಲ್ಲಿ ಅಧಿವೇಶನ ಶುರುವಾದರೆ ಸಾಕು, ನಮ್ಮ ಕಡೆಯ ಹೆಣ್ಣುಮಕ್ಕಳು ಕೂಸುಗಳನ್ನು ಎತ್ತಿಕೊಂಡು ಅಲ್ಲಿಗೆ ಹೋಗಿ ಟೆಂಟಿನಲ್ಲಿ ಕೂರುತ್ತಾರೆ. ಮನೆ ಕೊಡಿ, ಸೈಟು ಕೊಡಿ ಎಂದು ಕೂಗುತ್ತಾರೆ. ಪಂಚಾಯತಿಗೆ ಅರ್ಜಿ ಕೊಟ್ಟು ಸರದಿ ಕಾದರೆ ಆಗದೇ? ಹೋದವರಿಗೆ ಕೂಲಿ ನಷ್ಟ, ಕರೆದುಕೊಂಡು ಹೋದವರಿಗೆ ಹೆಸರು. ನೀವು ಅವರ ಫೋಟೊ ಹಾಕಿ ಹುರಿದುಂಬಿಸುವುದು ಸರಿಯೇ?
– ನಿವೃತ್ತ ಕಂದಾಯ ನೌಕರ, ಜೇವರ್ಗಿ ರಸ್ತೆ, ಕಲಬುರಗಿ

ಉತ್ತರ: ಶರಣು ಸರ್. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಮುತ್ತಿನಂಥ ಅಕ್ಷರದಲ್ಲಿ ಬರೆದ ಪತ್ರ. ಓದಿ ಖುಷಿಯಾಯಿತು, ಬೇಜಾರೂ ಆಯಿತು.

ನಿಮ್ಮ ಮಾತಿನಲ್ಲಿ ನಿಜ ಇಲ್ಲದೆ ಇಲ್ಲ. ಜನರನ್ನು ಗಾಡಿಯಲ್ಲಿ ತುಂಬಿಕೊಂಡು ಹೋಗಿ, ಮಂತ್ರಿಗಳು ಬಂದಾಗ ತಾವೇ ಮುಂದೆ ನಿಲ್ಲುವ ಮುಖಂಡರಿದ್ದಾರೆ. ಮನೆ ಇದ್ದವರೂ ಲಿಸ್ಟಿನಲ್ಲಿ ಹೆಸರು ಸೇರಿಸುತ್ತಾರೆ. ಅದು ತಪ್ಪು.

ಆದರೆ ಸರದಿ ಎಂದಿರಲ್ಲ, ಅದು ಎಲ್ಲಿದೆ? ಹಳ್ಳಿಯಲ್ಲಿ ಫಲಾನುಭವಿಗಳನ್ನು ಗ್ರಾಮಸಭೆ ಆರಿಸಬೇಕು. ಪಟ್ಟಣದಲ್ಲಿ ಶಾಸಕರ ಅಧ್ಯಕ್ಷತೆಯ ಆಶ್ರಯ ಸಮಿತಿ ಇದೆ. ಕಾಗದದ ಮೇಲೆ ಎಲ್ಲ ಸರಿಯಾಗಿದೆ. ಆದರೂ 2025ರ ಜೂನ್‌ನಲ್ಲಿ ನಮ್ಮ ಆಳಂದದ ಶಾಸಕ ಬಿ.ಆರ್. ಪಾಟೀಲರು, ಅದೂ ಆಡಳಿತ ಪಕ್ಷದವರು, ದುಡ್ಡು ಕೊಟ್ಟವರಿಗೆ ಮನೆ ಮಂಜೂರಾಗುತ್ತಿದೆ ಎಂದು ಫೋನಿನಲ್ಲಿ ಆಡಿದ ಮಾತು ರಾಜ್ಯವೆಲ್ಲ ಕೇಳಿಸಿತು. ಆರೋಪ ಸಾಬೀತಾಗುವುದು ಬೇರೆ ವಿಷಯ. ಶಾಸಕರಿಗೇ ಸರದಿಯ ಮೇಲೆ ನಂಬಿಕೆ ಇಲ್ಲದಿದ್ದರೆ, ಪತ್ರಾಸಿನ, ಅಂದರೆ ತಗಡಿನ, ಶೆಡ್ಡಿನಲ್ಲಿರುವ ಹೆಂಗಸು ಯಾಕೆ ನಂಬಬೇಕು? ಏಪ್ರಿಲ್, ಮೇ ತಿಂಗಳಲ್ಲಿ ಆ ಪತ್ರಾಸಿನ ಕೆಳಗೆ ಮಧ್ಯಾಹ್ನ ಒಂದು ತಾಸು ಕೂತು ನೋಡಿ ಸರ್. ಕಲಬುರಗಿ ಬಿಸಿಲು ನಿಮಗೆ ಹೊಸದಲ್ಲ, ಆದರೆ ನಮ್ಮ ತಲೆಯ ಮೇಲೆ ಸ್ಲ್ಯಾಬ್ ಇದೆ.

ಶಹಾಬಾದಿನಲ್ಲಿ ಕಲ್ಲು ಪಾಲಿಶ್ ಮಾಡುವ ಕಡೆ ಕೆಲಸಕ್ಕೆ ಹೋಗುವ ಒಬ್ಬ ತಾಯಿಯನ್ನು ಮಾತಾಡಿಸಿದ್ದೆ. "ಊರ ಮಂದಿ ಮನಿಗೆಲ್ಲ ನಮ್ಮ ಪರ್ಸೀನೇ ಹಾಕ್ಯಾರ್ರಿ. ನಮ್ಮ ಮನ್ಯಾಗ ಮಾತ್ರ ಮಣ್ಣ ನೆಲ ಅದ" ಅಂದರು. ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಪರ್ಸಿ ಎಂಬ ಶಹಾಬಾದ್ ಹಾಸುಗಲ್ಲು ನಮ್ಮದು. ವಾಡಿ, ಸೇಡಂ, ಮಳಖೇಡದ ಸಿಮೆಂಟು ನಮ್ಮದು. ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಗೋಡೆ ಏರಿಸುವವರಲ್ಲಿ ನಮ್ಮ ಹುಡುಗರು ಎಷ್ಟೋ ಜನ. ದೇಶಕ್ಕೆ ಮನೆ ಕಟ್ಟಿಕೊಡುವ ಜಿಲ್ಲೆಯವರು ತಮ್ಮ ಮನೆಗಾಗಿ 300 ಕಿಲೋಮೀಟರಿಗೂ ದೂರ ಹೋಗಿ ಕೂರಬೇಕು. ನನಗೆ ಸಿಟ್ಟು ಬರುವುದು ಅವರು ಹೋಗುತ್ತಾರೆ ಎಂದಲ್ಲ, ಹೋಗುವ ಹಾಗೆ ಮಾಡಿದ್ದೇವಲ್ಲ ಎಂದು.

ಅಲ್ಲಿ ಕೂತರೆ ಏನು ಸಿಗುತ್ತದೆ ಎಂದು ನೀವು ಕೇಳಬಹುದು. ಇಲಾಖೆಯಲ್ಲಿ ದುಡಿದವರು, ನಿಮಗೆ ಗೊತ್ತಿರುವುದೇ. ತಹಶೀಲ್ದಾರ್ ಕಚೇರಿಗೆ ಕೊಟ್ಟ ಅರ್ಜಿಗೆ ಉತ್ತರ ಬರಬಹುದು, ಬರದೇ ಇರಬಹುದು. ಸದನದಲ್ಲಿ ಒಬ್ಬ ಶಾಸಕರು ಚುಕ್ಕೆ ಗುರುತಿನ ಪ್ರಶ್ನೆ ಕೇಳಿದರೆ ಮಂತ್ರಿ ಎದ್ದು ನಿಂತು ಉತ್ತರ ಹೇಳಬೇಕು. ಅದರ ಮೇಲೆ ಉಪಪ್ರಶ್ನೆಯನ್ನೂ ಕೇಳಬಹುದು. ಚುಕ್ಕೆ ಇಲ್ಲದ ಪ್ರಶ್ನೆಯಾದರೂ ಲಿಖಿತ ಉತ್ತರ ಕೊಡಲೇಬೇಕು. ಯಾವ ತಾಲ್ಲೂಕಿನಲ್ಲಿ ಎಷ್ಟು ಅರ್ಜಿ ಬಾಕಿ, ಎಷ್ಟು ಮನೆ ಅರ್ಧಕ್ಕೆ ನಿಂತಿದೆ ಎಂದು ಸರ್ಕಾರವೇ ಬರೆದುಕೊಟ್ಟ ಲೆಕ್ಕ ಅದು. ಮುಂದೆ ಯಾವ ಅಧಿಕಾರಿಯೂ ಅದನ್ನು ಸುಳ್ಳು ಎನ್ನುವ ಹಾಗಿಲ್ಲ. ಆದರೆ 224 ಜನ ಶಾಸಕರಿಗೆ ಕೇಳಲು ನೂರೆಂಟು ವಿಷಯ ಇರುತ್ತವೆ. ಟೆಂಟಿನಲ್ಲಿ ಕೂತವರು ನೆನಪಿಸದಿದ್ದರೆ ಶಹಾಬಾದಿನ ಮಣ್ಣ ನೆಲ ಯಾರ ತಲೆಯಲ್ಲಿ ಉಳಿಯುತ್ತದೆ?

ಇವತ್ತು ಬಡವರ ಕೈಯಲ್ಲಿರುವ ಕಾನೂನು ಹುಟ್ಟಿದ್ದೂ ಸದನದಲ್ಲೇ. ಸ್ಲಂ ಜನರಿಗಾಗಿ 1973ರ ಕಾಯ್ದೆ, ಉಳುವವರಿಗಾಗಿ ದೇವರಾಜ ಅರಸರ ಕಾಲದ 1974ರ ತಿದ್ದುಪಡಿ, ಸರ್ಕಾರಿ ಜಾಗದಲ್ಲಿ ಮನೆ ಕಟ್ಟಿಕೊಂಡವರಿಗಾಗಿ ಭೂಕಂದಾಯ ಕಾಯ್ದೆಯ 94ಸಿ, 94ಸಿಸಿ ಕಲಮುಗಳು. ನಮ್ಮ ತಾಂಡಾದ ಜನ ಎಷ್ಟು ವರ್ಷ ಕೇಳಿದರು! ತಲೆಮಾರುಗಳಿಂದ ಇದ್ದ ಜಾಗ ದಾಖಲೆಯಲ್ಲಿ ಊರೇ ಆಗಿರಲಿಲ್ಲ. ಕಡೆಗೆ 2023ರ ಜನವರಿ 19ರಂದು ಮಳಖೇಡದಲ್ಲಿ ಪ್ರಧಾನಿಯವರು ಬಂದು, 5 ಜಿಲ್ಲೆಗಳ 50 ಸಾವಿರಕ್ಕೂ ಜಾಸ್ತಿ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ಆಯಿತು. ಯಾವ ಪಕ್ಷ ಮಾಡಿತು ಎಂದು ಕಿತ್ತಾಡುವವರು ಕಿತ್ತಾಡಲಿ. ಬಿಡದೆ ಕೇಳಿದವರು ತಾಂಡಾದವರು.

ಪತ್ರಿಕೆ ಹುರಿದುಂಬಿಸಬಾರದು ಎನ್ನುತ್ತೀರಿ. ಮುಂಬೈಯ ಫುಟ್‌ಪಾತ್ ಜನರ ಪರವಾಗಿ ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದ ಓಲ್ಗಾ ಟೆಲಿಸ್ ನಮ್ಮ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದವರೇ. ಗುಡಿಸಲು ಕೀಳುವುದನ್ನು ಕೋರ್ಟು ಪೂರ್ತಿ ತಡೆಯಲಿಲ್ಲ. ಆದರೆ ಬದುಕುವ ಹಕ್ಕಿನಲ್ಲಿ ದುಡಿದು ತಿನ್ನುವ ಹಕ್ಕೂ ಸೇರಿದೆ ಎಂದು 1985ರಲ್ಲಿ ಹೇಳಿದ್ದು ಆ ಕೇಸಿನಲ್ಲೇ. ಮುಂದೆ 1995ರಲ್ಲಿ ಚಮೇಲಿ ಸಿಂಗ್ ಕೇಸಿನಲ್ಲಿ, ವಸತಿ ಎಂದರೆ ತಲೆ ಮೇಲೊಂದು ಸೂರು ಮಾತ್ರ ಅಲ್ಲ, ಗಾಳಿ, ಬೆಳಕು, ನೀರು, ಕರೆಂಟು, ಶೌಚಾಲಯ, ರಸ್ತೆ ಎಲ್ಲ ಎಂದಿತು. ಹಾಗಾಗಿ ಫೋಟೊ ಇನ್ನೂ ದೊಡ್ಡದಾಗಿ ಹಾಕುತ್ತೇವೆ ಸರ್.

ಇನ್ನು ದುಡ್ಡಿನ ಮಾತು. ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ 2016ರಲ್ಲಿ ಶುರುವಾದಾಗ ಬಯಲುಸೀಮೆಯ ಒಂದು ಮನೆಗೆ ಗೊತ್ತು ಮಾಡಿದ ನೆರವು 1.20 ಲಕ್ಷ ರೂಪಾಯಿ. 2024ರಲ್ಲಿ ಯೋಜನೆಯನ್ನು ಮುಂದುವರಿಸಿದಾಗಲೂ ಅದೇ 1.20 ಲಕ್ಷ. ಅಷ್ಟು ವರ್ಷದಲ್ಲಿ ಮರಳು, ಕಬ್ಬಿಣ, ಮೇಸ್ತ್ರಿ ಕೂಲಿ ಎಲ್ಲಿಗೆ ಹೋಗಿವೆ, ನೀವೂ ಮನೆ ಕಟ್ಟಿಸಿದವರೇ ಇರಬೇಕು. ತಳಪಾಯದ ಫೋಟೊ ಕಳಿಸಿದರೆ ಒಂದು ಕಂತು, ಗೋಡೆ ಎದ್ದರೆ ಇನ್ನೊಂದು. ನಡುವೆ ಸಾಲ. ಬಡ್ಡಿ ಕಟ್ಟಲಾಗದೆ ಕೆಲಸ ಲಿಂಟೆಲ್ ಮಟ್ಟಕ್ಕೆ ನಿಲ್ಲುತ್ತದೆ. ಈ ದರ ಏರಿಸಿ ಎಂದು ದೆಹಲಿಗೆ ಒತ್ತಾಯ ಹಾಕಬೇಕಾದದ್ದು ನಮ್ಮ ಸದನ. ಅಧಿವೇಶನ ನಡೆಯುವುದೇ ಕೆಲವು ದಿನ. ಅದರಲ್ಲಿ ಗದ್ದಲಕ್ಕೆ, ಧರಣಿಗೆ ಎಷ್ಟು ಹೊತ್ತು ಹೋಗುತ್ತದೆ! ಟಿವಿಯವರು ತೋರಿಸುವುದೂ ಅದನ್ನೇ. ನಮ್ಮ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ಬಂತು, ಅಭಿವೃದ್ಧಿ ಮಂಡಳಿ ಬಂತು, ಅನುದಾನ ಬಂತು. ಹೈಟೆಕ್ ಕಟ್ಟಡಗಳೂ ಎದ್ದವು. ಆ ಕಟ್ಟಡಕ್ಕೆ ಕಲ್ಲು ಹೊತ್ತವರ ಮನೆ ಮಾತ್ರ ಕಡೆಯ ಸಾಲಿನಲ್ಲೇ ಉಳಿಯಿತು.

ನಿಮ್ಮನ್ನು ಬೈಯಲು ಇಷ್ಟೆಲ್ಲ ಬರೆಯಲಿಲ್ಲ. ನಿಮ್ಮಂಥವರು ಅವರಿಗೆ ಬೇಕು. ಅವರಿಗೆ ಹೇಳಿಕೊಳ್ಳಲು ಕಷ್ಟ ಗೊತ್ತು, ಯಾವ ಕಲಮಿನಲ್ಲಿ ಕೇಳಬೇಕು ಎಂಬುದು ಗೊತ್ತಿಲ್ಲ. ಅರ್ಜಿಗಳನ್ನು ಊರುವಾರು ಜೋಡಿಸಿ, ಸರ್ವೆ ನಂಬರ್ ಸರಿ ನೋಡಿ, ಶಾಸಕರ ಕೈಗೆ ಕೊಡುವಂಥ ನಾಲ್ಕು ಸಾಲಿನ ಪ್ರಶ್ನೆ ಬರೆದುಕೊಡುವವರು ಬೇಕು. ಶಾಸಕರ ಮೂಲಕ ಸದನದ ಅರ್ಜಿಗಳ ಸಮಿತಿಗೂ ಹೋಗಬಹುದು, ಅದೂ ಅವರಿಗೆ ತಿಳಿಯದು. ನೀವು ಒಪ್ಪಿದರೆ ನಮ್ಮ ಕಚೇರಿಗೆ ಒಂದು ಕಾರ್ಡು ಹಾಕಿ. ಶಹಾಬಾದಿನ ಆ ತಾಯಿಯನ್ನೂ ಅವರ ಓಣಿಯವರನ್ನೂ ಭಾನುವಾರ ನಿಮ್ಮ ಮನೆಗೇ ಕರೆದುಕೊಂಡು ಬರುತ್ತೇನೆ.