ಕತ್ತರಿ ಹಾಕುವ ಮುಂಚೆ

ಪ್ರಶ್ನೆ: ಮೇಡಂ, ಆರು ವರ್ಷ ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡಿದೆ. ಅಲ್ಲಿ ಮೂಟೆಗಟ್ಟಲೆ ಚಿಂದಿ ಹೊರಗೆ ಹೋಗುವುದನ್ನು ನೋಡಿ ಹೊಟ್ಟೆ ಉರಿಯುತ್ತಿತ್ತು. ಈಗ ಮನೆಯಲ್ಲೇ ಹೆಂಗಸರ ಕುರ್ತಾ, ರವಿಕೆ ಹೊಲಿಯುತ್ತೇನೆ. ಪರಿಸರಕ್ಕೆ ಹಾನಿಯಾಗದ ಉಡುಪು ಮಾಡಬೇಕು ಅಂತ ಆಸೆ. ಆರ್ಗ್ಯಾನಿಕ್ ಬಟ್ಟೆಯ ಬೆಲೆ ಕೇಳಿಯೇ ಭಯವಾಯಿತು. ಎಲ್ಲಿಂದ ಶುರು ಮಾಡಲಿ?
– ಓದುಗರು, ಹಾಸನ

ಉತ್ತರ: ಆ ಚಿಂದಿ ಆಗದಂತೆ ಕತ್ತರಿಸುವುದರಿಂದಲೇ ಶುರು ಮಾಡಿ. ದುಬಾರಿ ಬಟ್ಟೆ ತಂದು ಅದರಲ್ಲೂ ಚಿಂದಿ ಮಾಡಿದರೆ ಏನು ಬಂತು?

36 ಇಂಚು ಅಗಲದ ಪ್ಲೇನ್ ಕೈಮಗ್ಗದ ಕಾಟನ್ ತಗೊಳ್ಳಿ. ರಾತ್ರಿಯಿಡೀ ನೀರಲ್ಲಿ ನೆನೆಸಿ ಒಣಗಿಸಿ, ಕುಗ್ಗುವುದೆಲ್ಲ ಮೊದಲೇ ಕುಗ್ಗಲಿ. ಕುರ್ತಾದ ನಡುಭಾಗ, ತೋಳು ಎರಡನ್ನೂ ನೇರ ತುಂಡಾಗಿ ಕತ್ತರಿಸಿ. ಬದಿಯ ಘೇರಿಗೆ, ಅಂದರೆ ಕೆಳಗಿನ ಅಗಲಕ್ಕೆ, ಒಂದು ಉದ್ದನೆಯ ಆಯತವನ್ನು ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿ, ಒಂದನ್ನು ಮಗುಚಿ ಹಾಕಿ. ಎಡಕ್ಕೊಂದು, ಬಲಕ್ಕೊಂದು ‘ಕಲಿ’ (ಬದಿಯ ಓರೆ ತುಂಡು) ಸಿಕ್ಕಿತು. ಈ ಬಟ್ಟೆಗೆ ಎರಡೂ ಕಡೆ ಒಂದೇ ಮುಖ, ಹಾಗಾಗಿ ಮಗುಚಿದರೂ ಗೊತ್ತಾಗುವುದಿಲ್ಲ. ಕಂಕುಳಲ್ಲಿ ಬಿಗಿಯಾಗದಂತೆ ಒಂದು ಚೌಕದ ತುಂಡು ಸೇರಿಸಿ. ಕತ್ತಿನಿಂದ ಬಂದ ಚೂರು ಬಟ್ಟೆಗುಂಡಿಗೆ ಆಯಿತು. ನಮ್ಮ ಹಿರಿಯರ ಅಂಗಿಗಳು ಹೀಗೇ ಇರುತ್ತಿದ್ದವು, ಅಲ್ವಾ?

ಇನ್ನೊಂದು ಮಾತು, ನನಗೆ ಇದೇ ಮುಖ್ಯ. ಬದಿಯ ಹೊಲಿಗೆಯ ಒಳಗೆ ಒಂದೂವರೆ ಇಂಚು ಬಟ್ಟೆ ಬಿಡಿ. ಮುಂದೆ, ಹಿಂದೆ, ಎಡ, ಬಲ ಸೇರಿ ನಾಲ್ಕು ಅಂಚು. ತಲಾ ಒಂದು ಇಂಚು ಬಿಚ್ಚಿದರೂ ಸುತ್ತಳತೆ ನಾಲ್ಕು ಇಂಚು ಜಾಸ್ತಿಯಾಗುತ್ತದೆ. ಹೆರಿಗೆಯಾದ ಮೇಲೆ ಎಷ್ಟು ಜನ ಒಳ್ಳೊಳ್ಳೆ ಬಟ್ಟೆಗಳನ್ನು ಮೂಟೆ ಕಟ್ಟಿಡುತ್ತಾರೆ! ನೀವು ಹೊಲಿದದ್ದು ಆ ಮೂಟೆ ಸೇರಬಾರದು. ಬಿಚ್ಚಿ ಹೊಲಿದುಕೊಡುವ ಕೆಲಸಕ್ಕೂ ದುಡ್ಡು ತಗೊಳ್ಳಿ, ಸಂಕೋಚ ಬೇಡ.

ಬಣ್ಣಕ್ಕೆ ನಮ್ಮ ಚಿಕ್ಕಮಗಳೂರು ಕಡೆ ಅಡಿಕೆ ಬೇಯಿಸಿದ ಚೊಗರು ಇದೆ. ಸಾಗರ ಹತ್ತಿರದ ಹೆಗ್ಗೋಡಿನ ‘ಚರಕ’ ಮಹಿಳಾ ಸಹಕಾರ ಸಂಘದಲ್ಲಿ ಹೆಣ್ಣುಮಕ್ಕಳು ಇದೇ ಚೊಗರಿನಿಂದ ಕೈಮಗ್ಗದ ಬಟ್ಟೆಗೆ ಕೆಂಪುಗಂದು ಬಣ್ಣ ಹಾಕುತ್ತಾರೆ. ದಾಳಿಂಬೆ ಸಿಪ್ಪೆ, ಚೆಂಡುಹೂವಿನಿಂದ ಹಳದಿ ಬರುತ್ತದೆ. ಅರಿಶಿನ ಬೇಡ, ಬಿಸಿಲಿಗೆ ಬೇಗ ಹಾರಿಹೋಗುತ್ತದೆ. ಬಣ್ಣ ಹಿಡಿಯಲು ಪಟಿಕ ಸಾಕು. ಹಸಿರು ಛಾಯೆ ಬರುತ್ತದೆ ಅಂತ ಕೆಲವರು ಮೈಲುತುತ್ತ ಹಾಕಲು ಹೇಳುತ್ತಾರೆ. ದಯವಿಟ್ಟು ಬೇಡ. ತೋಟಕ್ಕೆ ಇದೇ ಮೈಲುತುತ್ತದ ಬೋರ್ಡೋ ದ್ರಾವಣ ಹೊಡೆಯುವವರಿಗೆ ಅದೆಷ್ಟು ವಿಷ ಅಂತ ಗೊತ್ತು. ಆ ನೀರು ಚರಂಡಿಗೆ ಹೋದರೆ ಹಳ್ಳದ ಮೀನಿಗೆ ಕುತ್ತು. ನನ್ನ ಮೊದಲ ಹನ್ನೆರಡು ಕುರ್ತಾ ಬಣ್ಣ ಬಿಟ್ಟು ವಾಪಸ್ ಬಂದವು. ಅವತ್ತಿನಿಂದ ಒಂದು ತುಂಡನ್ನು ಐದು ಸಲ ಒಗೆದು, ವಾರ ಬಿಸಿಲಿಗೆ ಹಾಕಿ ನೋಡದೆ ನಾನು ಮಾರುವುದಿಲ್ಲ.

ಆರ್ಗ್ಯಾನಿಕ್ ಆಮೇಲೆ ನೋಡೋಣ. ಸಾವಯವ ಬಟ್ಟೆಗೆ ಕೊಡುವ ಗಾಟ್ಸ್ (GOTS) ಅನ್ನುವ ಅಂತರರಾಷ್ಟ್ರೀಯ ಪ್ರಮಾಣಪತ್ರದಲ್ಲಿ ‘ಆರ್ಗ್ಯಾನಿಕ್’ ಅನ್ನಲು ಕನಿಷ್ಠ 95 ಶೇಕಡಾ ಸಾವಯವ ನಾರು ಇರಬೇಕು. ಕಾಗದ ಕೈಯಲ್ಲಿಲ್ಲದೆ ಆ ಪದ ಬರೆಯಬೇಡಿ. ‘ಬಿದಿರಿನ ಬಟ್ಟೆ’ ಅಂತ ಮಾರುವುದು ಹೆಚ್ಚಿನದು ರಾಸಾಯನಿಕದಲ್ಲಿ ಕರಗಿಸಿ ತೆಗೆದ ವಿಸ್ಕೋಸ್.

ಬದಲಿಗೆ ಚೀಟಿಯಲ್ಲಿ ನಿಮಗೆ ಗೊತ್ತಿರುವುದನ್ನು ಬರೆಯಿರಿ: ಯಾವ ಊರಿನ ನೇಯ್ಗೆ, ಯಾವುದರ ಬಣ್ಣ, ಒಳಗೆ ಎಷ್ಟು ಇಂಚು ಬಿಟ್ಟಿದೆ.