ಹಗುರವಾದ ಗಾಳಿ ಟ್ಯಾಂಕು: ಕಾರಿಗೆ ಸಾಕು, ಟ್ರ್ಯಾಕ್ಟರಿಗೆ ಸಾಲದು

ನಮಸ್ಕಾರ. ಚಿಂತಾಮಣಿ ಬಳಿಯ ತೋಟದಲ್ಲಿ ಕಾರು ಮತ್ತು ಟ್ರ್ಯಾಕ್ಟರಿನ ಟೈರುಗಳಿಗೆ ಗಾಳಿ ತುಂಬಲು ಎಂತಹ ಹಗುರ ಟ್ಯಾಂಕು ಕೊಳ್ಳಬೇಕೆಂದು ತಾವು ಕೇಳಿದ್ದೀರಿ. ಒಬ್ಬರೇ ಎತ್ತಿ ಒಯ್ಯುವುದಾದರೆ ಸುಮಾರು 19 ಲೀಟರಿನ ಅಲ್ಯೂಮಿನಿಯಂ ಟ್ಯಾಂಕನ್ನೇ ಆರಿಸಿಕೊಳ್ಳಿ; ದುಬಾರಿಯಾದರೂ ಅದು ಉಕ್ಕಿನದಕ್ಕಿಂತ ಹಗುರ, ಒಳಗೆ ತೇವ ನಿಂತರೆ ಉಕ್ಕಿನಂತೆ ತುಕ್ಕು ಹಿಡಿಯುವುದೂ ಇಲ್ಲ. 125 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಒತ್ತಡಕ್ಕೆ ತುಂಬಿಸಿಟ್ಟರೆ, 20ಕ್ಕೆ ಇಳಿದಿರುವ ಸಣ್ಣ ಕಾರಿನ ನಾಲ್ಕೂ ಟೈರುಗಳನ್ನು ಅದು 32ರ ಸುಮಾರಿಗೆ ಏರಿಸಬಲ್ಲದು; ಆದರೆ ಪೂರ್ತಿ ಕುಳಿತುಹೋದ ಟೈರು ಒಂದೇ ಹೆಚ್ಚುಕಡಿಮೆ ಅರ್ಧದಷ್ಟು ಗಾಳಿಯನ್ನು ನುಂಗಿಬಿಡುತ್ತದೆ. ಟ್ರ್ಯಾಕ್ಟರಿನ ಹಿಂದಿನ ಟೈರಿಗಂತೂ ಇದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದಕ್ಕೆ ಗಾಳಿಯನ್ನು ಒತ್ತಿ ತುಂಬುವ ಯಂತ್ರವಾದ ಕಂಪ್ರೆಸರೇ ಬೇಕು. ಕಂಪ್ರೆಸರ್ ಇಲ್ಲದಿದ್ದರೆ, ಟ್ಯಾಂಕನ್ನು ಮತ್ತೆ ತುಂಬಿಸಲು ಪಂಕ್ಚರ್ ಅಂಗಡಿಯಂತಹ ಕಡೆಗೆ ಹೋಗಲೇಬೇಕಷ್ಟೆ. ಹೆಚ್ಚಿನ ಒತ್ತಡವನ್ನು ತಾನಾಗಿ ಹೊರಬಿಡುವ ಸುರಕ್ಷತಾ ವಾಲ್ವು ಮತ್ತು ಒತ್ತಡ ತೋರಿಸುವ ಮೀಟರು ಇಲ್ಲದ ಟ್ಯಾಂಕನ್ನು, ಎಷ್ಟೇ ಅಗ್ಗವಾಗಿ ಸಿಕ್ಕರೂ, ಮನೆಗೆ ತರಬೇಡಿ.