ಓದುಗರ ಪ್ರಶ್ನೆ: ಚಿತ್ರ ಹಳೆಯದು, ಕಾಗದ ಯಾವಾಗಿನದು?

ಪ್ರಶ್ನೆ: 1936ರ ಬರ್ಲಿನ್ ಒಲಿಂಪಿಕ್ಸ್‌ನ ಧ್ಯಾನಚಂದ್ ಫೋಟೊ ಪೋಸ್ಟ್‌ಕಾರ್ಡ್ ಅಂತ ಹುಬ್ಬಳ್ಳಿಯಲ್ಲಿ ಒಬ್ಬರು ಮಾರಾಟಕ್ಕಿಟ್ಟಿದ್ದಾರೆ. ಹಿಂಬದಿ ತುಂಬ ಜರ್ಮನ್ ಬರಹ, ವಿಳಾಸಕ್ಕೆ ಜಾಗವೇ ಇಲ್ಲ. ಅಸಲಿಯೇ?
– ಓದುಗರು, ಬೆಟಗೇರಿ

ಉತ್ತರ: ಮೊದಲು ಸ್ಕೇಲ್ ಹಿಡಿಯಿರಿ. ಪೋಸ್ಟ್‌ಕಾರ್ಡ್ ಆದರೆ ಸುಮಾರು 9×14 ಸೆಂ.ಮೀ. ಇರುತ್ತದೆ. 8×12 ಅಥವಾ 12×17 ಬಂದರೆ, ಅದು ಸಿಗರೇಟ್ ಕೂಪನ್‌ಗೆ ಬದಲಾಗಿ ಜರ್ಮನಿಯಲ್ಲಿ ಕೊಡುತ್ತಿದ್ದ, ಆಲ್ಬಮಿಗೆ ಅಂಟಿಸುವ ಚಿತ್ರ. ಹಿಂದೆ ಕ್ರಮಸಂಖ್ಯೆ, ವಿವರಣೆ, ಕೆಲವೊಮ್ಮೆ ಗೋಂದಿನ ಕಲೆ ಇರುತ್ತವೆ. ನಕಲಿಯಲ್ಲ, ಆದರೆ ಪೋಸ್ಟ್‌ಕಾರ್ಡೂ ಅಲ್ಲ. ರಾಶಿಗಟ್ಟಲೆ ಅಚ್ಚಾದ ಮಾಲು. ಪೋಸ್ಟ್‌ಕಾರ್ಡಿನ ರೇಟು ಕೊಡಬೇಡಿ.

ಅಳತೆ ಸರಿಯಿದ್ದರೆ, ವಾಚ್ ರಿಪೇರಿಯವರು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅಂಥ ಹತ್ತು ಪಟ್ಟಿನ ಭೂತಗನ್ನಡಿಯಲ್ಲಿ ಆಟಗಾರನ ಕೆನ್ನೆ ನೋಡಿ. ಸಾಲುಸಾಲು ಚುಕ್ಕಿ ಕಂಡರೆ ಅಚ್ಚಿನ ಯಂತ್ರದ್ದು. ಅಸಲಿ ಫೋಟೊದಲ್ಲಿ ಕಪ್ಪಿನಿಂದ ಬಿಳುಪಿಗೆ ಛಾಯೆ ಕಡಿಯದೆ ಇಳಿಯುತ್ತದೆ. ಕಾರ್ಡನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ: ಬೆಳ್ಳಿಯ ಲವಣದಿಂದ ಚಿತ್ರ ಮೂಡಿಸಿದ ಹಳೆಯ ಪ್ರಿಂಟಿನ ಕಪ್ಪು ಭಾಗ, ಅದರಲ್ಲೂ ಅಂಚು, ನೀಲಿ ಕನ್ನಡಿಯಂತೆ ಮಿರುಗುವುದುಂಟು. ಇದನ್ನು ಕೃತಕವಾಗಿ ತರುವುದು ಕಷ್ಟ. ಮೂಲೆಯ ಮಡಿಕೆ ಕಣ್ಣಿಗೆ ಕಂಡು ಬೆರಳಿಗೆ ತಾಗದಿದ್ದರೆ, ಯಾರೋ ಹಳೆಯ ಕಾರ್ಡಿನ ಫೋಟೊ ತೆಗೆದು ಪ್ರಿಂಟ್ ಹಾಕಿದ್ದಾರೆ.

ಕೊನೆಗೆ, ಕಳ್ಳನೋಟು ಹಿಡಿಯುವ ನೇರಳೆ ಟಾರ್ಚನ್ನು ಕತ್ತಲಲ್ಲಿ ಹಿಂಬದಿಗೆ ಬಿಡಿ. ಪೌಡರ್ ಹಾಕಿ ಒಗೆದ ಬಿಳಿ ಪಂಚೆಯಂತೆ ಕಾಗದ ಹೊಳೆದರೆ 1936ರದ್ದಲ್ಲ. ಆ ಹೊಳಪಿನ ರಾಸಾಯನಿಕ ಫೋಟೊ ಕಾಗದಕ್ಕೆ ಬಂದದ್ದು 1950ರ ಆಸುಪಾಸಿನಲ್ಲಿ. ಹೊಳೆಯಲಿಲ್ಲವೆಂದ ಮಾತ್ರಕ್ಕೆ ಹಳೆಯದೆನ್ನಲೂ ಆಗದು. ಈಗಲೂ ಹೊಳೆಯದ ಕಾಗದ ಸಿಗುತ್ತದೆ.

ಪ್ರಶ್ನೆ: ಪೈಲ್ವಾನರೊಬ್ಬರ ಕಾರ್ಡು ಸಿಕ್ಕಿದೆ. 1930ರದ್ದೆನ್ನುತ್ತಾರೆ. ಹಿಂದೆ ಸ್ಟುಡಿಯೊದ ರಬ್ಬರ್ ಸ್ಟ್ಯಾಂಪ್: ‘ಹಾವೇರಿ, ಜಿ. ಧಾರವಾಡ, 581110’. ನಂಬಬಹುದೇ?
– ಓದುಗರು, ಹಾವೇರಿ

ಉತ್ತರ: ಪಿನ್‌ಕೋಡ್ ಶುರುವಾದದ್ದು 1972ರ ಆಗಸ್ಟ್ 15ರಂದು. ಹಾವೇರಿ ಬೇರೆ ಜಿಲ್ಲೆಯಾದದ್ದು 1997ರಲ್ಲಿ. ಅಂದರೆ ಸ್ಟ್ಯಾಂಪ್ ಬಹುಮಟ್ಟಿಗೆ ಈ ಎರಡರ ನಡುವಿನದು. ಹಳೆಯ ನೆಗೆಟಿವ್‌ನಿಂದ ಆಮೇಲೆ ಹಾಕಿದ ಪ್ರಿಂಟ್ ಇರಬಹುದು, ಇಲ್ಲವೇ ಹಳೆಯ ಕಾರ್ಡಿಗೆ ಆಮೇಲೆ ಸ್ಟ್ಯಾಂಪ್ ಒತ್ತಿರಬಹುದು. ಟಾರ್ಚ್ ಪರೀಕ್ಷೆ ಇಲ್ಲಿಯೂ ಮಾಡಿ. ಕಾಗದ ಹೊಳೆದರೆ ಆಮೇಲೆ ಹಾಕಿದ ಪ್ರಿಂಟೇ. ಕೈಬರಹವನ್ನೂ ಗಮನಿಸಿ: ಪೈಲ್ವಾನರ ಸಹಿ ಬಿಳಿಯಾಗಿದ್ದು ಚಿತ್ರದೊಳಗೇ ಸೇರಿಕೊಂಡಂತಿದ್ದರೆ ಅದು ನೆಗೆಟಿವ್ ಮೇಲೆ ಬರೆದದ್ದು, ಪ್ರತಿ ಪ್ರಿಂಟಿನಲ್ಲೂ ಬರುತ್ತದೆ. ಅದಕ್ಕೆ ಹಸ್ತಾಕ್ಷರದ ಬೆಲೆಯಿಲ್ಲ. ಒದ್ದೆ ಬಟ್ಟೆಯಿಂದ ಮಾತ್ರ ಒರೆಸಬೇಡಿ, ಮೇಲ್ಪದರದ ಜಿಲಾಟಿನ್ ಎದ್ದು ಬರುತ್ತದೆ.